ಹೊಳೆಗೆ ಬಿಟ್ಟ ಪುಸ್ತಕ, ಡಬ್ಬಿಯೊಳಗಿನ ಆಟ

ರಾಣೇಬೆನ್ನೂರಿನ ಕೋರ್ಟಿನ ಎದುರು ಝೆರಾಕ್ಸ್ ಅಂಗಡಿಗಳ ಸಾಲಿದೆ. ಅದರಲ್ಲಿ ಕಡೆಯದು ಮೈಲಾರೆಪ್ಪನದು. ಇಬ್ಬರು ಕುಳಿತರೆ ಮೂರನೆಯವನು ಹೊರಗೆ ನಿಲ್ಲಬೇಕು, ಅಷ್ಟೇ ಅಗಲ. ಹಲಗೇರಿಯಲ್ಲಿ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು, ಊರ ಗೌಡರ ಮನೆಯಲ್ಲಿ ಕೆಟ್ಟು ಬಿದ್ದಿದ್ದ ಟೈಪ್‌ರೈಟರನ್ನು ಬಿಚ್ಚಿ ಕಟ್ಟಿ, ಕಟ್ಟಿ ಬಿಚ್ಚಿ, ಬೆರಳು ಕೂರಿಸುವುದನ್ನು ತಾನೇ ಕಲಿತ. ಕೋರ್ಟಿನ ಬೇವಿನ ಮರದ ಕೆಳಗೆ ಹದಿನೆಂಟು ವರ್ಷ ಅರ್ಜಿ ಬಡಿದ. ರಿಬ್ಬನ್ ಸಿಗದ ಕಾಲ ಬಂದಾಗ ಕಂಪ್ಯೂಟರ್ ತಂದ. ಅದಕ್ಕೂ ಗುರುವಿಲ್ಲ. ಈಗ ಅರವತ್ತಮೂರು. ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ಬಾಯಿ ಬಿಡದೆ ಎರಡೂ ಅಂಗೈ ಎತ್ತಿ ತೋರಿಸುತ್ತಾನೆ. ಇನ್ನೊಬ್ಬರನ್ನು ಕೇಳುವುದು ಅವನ ಜಾಯಮಾನದಲ್ಲೇ ಇಲ್ಲ. ಹೋದ ವರ್ಷ ಅವನ ಕೊರಳಿಗೆ ಸುತ್ತಿಕೊಂಡದ್ದೂ ಅದೇ.

ಗುತ್ತಲದ ಲಕ್ಕಪ್ಪ ದೊಡ್ಡಾಟದ ಮೇಳದ ಯಜಮಾನ. ಅವನ ಅಜ್ಜ ತಾನೇ ಕಟ್ಟಿದ ಒಂದು ಆಟವನ್ನು ದಪ್ಪ ಪುಸ್ತಕದಲ್ಲಿ ಶಾಯಿಯಿಂದ ಬರೆದಿಟ್ಟಿದ್ದ. ಹದಿನಾಲ್ಕು ಭಾಗ. ಬೇರೆ ಯಾವ ಊರಿನಲ್ಲೂ ಆ ಆಟ ಇರಲಿಲ್ಲ, ಅದರ ಎರಡನೆಯ ಪ್ರತಿಯೂ ಇರಲಿಲ್ಲ. ಗೆದ್ದಲು ಅಂಚಿನಿಂದ ನಡುವಿಗೆ ಬರತೊಡಗಿದಾಗ ಲಕ್ಕಪ್ಪ ಅದನ್ನು ಪಂಚೆಯಲ್ಲಿ ಸುತ್ತಿಕೊಂಡು ಮೈಲಾರೆಪ್ಪನ ಅಂಗಡಿಗೆ ಬಂದ. ಎರಡು ಮಳೆಗಾಲ ಹಿಡಿಯಿತು. ಪುಡಿಯಾಗುತ್ತಿದ್ದ ಹಾಳೆಯ ಮೇಲೆ ಉಸಿರು ಬೀಳದಂತೆ ಬಾಯಿಗೆ ವಸ್ತ್ರ ಕಟ್ಟಿಕೊಂಡು ಮೈಲಾರೆಪ್ಪ ಒಂದೊಂದು ಅಕ್ಷರ ಬಡಿದ. ಕಡೆಯ ಸಾಲು ಮುಗಿದ ದಿನ ಅವನ ಬಾಯಿಂದ ಒಂದು ಮಾತು ಹೋಯಿತು.

"ಇನ್ನ ನಿಮ್ಮಜ್ಜನ ಆಟ ಎಲ್ಲಿಗೂ ಹೋಗಂಗಿಲ್ಲ. ಈ ಕಂಪ್ಯೂಟರ್ ಡಬ್ಬಿಯೊಳಗೊಂದು, ಪೆನ್‌ಡ್ರೈವ್‌ನ್ಯಾಗೊಂದು. ನೀ ನಿಶ್ಚಿಂತ ಇರು."

ಲಕ್ಕಪ್ಪ ಆ ಮಾತನ್ನು ಕಣ್ಣಿಗೊತ್ತಿಕೊಂಡು ಹೋದ. ಸವೆದ ಹೊತ್ತಿಗೆಯನ್ನು ರದ್ದಿಗೆ ಹಾಕಬಾರದು, ಸುಡಬಾರದು ಎಂಬುದು ಅವರ ಮನೆತನದ ನಡಾವಳಿ. ಅಮವಾಸ್ಯೆಯ ಮುಂಜಾನೆ ಅರಿಶಿನ ಕುಂಕುಮ ಏರಿಸಿ, ಹೊಸ ಖಣದ ಬಟ್ಟೆಯಲ್ಲಿ ಸುತ್ತಿ, ಕಲ್ಲು ಕಟ್ಟಿ, ಅಜ್ಜನ ಕೈಬರಹವನ್ನು ತುಂಗಭದ್ರೆಗೆ ಬಿಟ್ಟ. ಬಿಟ್ಟ ಮೇಲೆ ಫೋನು ಮಾಡಿ ಹೇಳಿದ. ಮೈಲಾರೆಪ್ಪನಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಹದಿನೈದು ದಿನದಲ್ಲಿ ಕಾಗದದ ಮೇಲೆ ತೆಗೆದು ಕೊಡುತ್ತೇನೆ ಎಂದ. ಅಷ್ಟರಲ್ಲಿ ಲಗ್ನಪತ್ರಿಕೆಗಳ ಕಾಲ ಬಂತು. ಹದಿನೈದು ದಿನ ಮೂರು ತಿಂಗಳಾಯಿತು.

ಮೇಳದ ತಾಲೀಮಿಗೆ ಆರು ದಿನ ಇರುವಾಗ ಕಂಪ್ಯೂಟರ್ ಮೇಲೇಳಲಿಲ್ಲ. ಕರಿ ಪರದೆಯ ಮೇಲೆ ಒಂದು ಬಿಳಿ ಗೀಟು ಮಿಟುಕುತ್ತದೆ, ಅಷ್ಟೇ. ಬಿಚ್ಚಿದ, ಧೂಳು ಊದಿದ, ತಂತಿ ಕಿತ್ತು ಮತ್ತೆ ಚುಚ್ಚಿದ. ಮೂರನೆಯ ದಿನ ಅದನ್ನು ಗೋಣಿಚೀಲದಲ್ಲಿ ಹಾಕಿಕೊಂಡು, ಪೆನ್‌ಡ್ರೈವನ್ನು ಒಳಜೇಬಿನಲ್ಲಿಟ್ಟುಕೊಂಡು ಹಾವೇರಿಯ ಒಂದು ರಿಪೇರಿ ಅಂಗಡಿಗೆ ಹೋದ.

"ಫಾರ್ಮ್ಯಾಟ್ ಹೊಡೀಬೇಕ್ರಿ ಯಜಮಾನ್ರ," ಎಂದ ಅಂಗಡಿಯವನು. "ಒಳಗಿಂದು ಉಳಿಯೂದು ಕಷ್ಟ."

"ಒಳಗಿಂದು ಹೋದ್ರ ಹೋಗ್ಲಿ, ನಂದು ಇದರಾಗೈತಿ," ಎಂದು ಮೈಲಾರೆಪ್ಪ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟ.

ಅಂಗಡಿಯವನು ಅದನ್ನು ತನ್ನ ಕಂಪ್ಯೂಟರಿಗೆ ಚುಚ್ಚಿ ನೋಡಿದ. ಹದಿನಾಲ್ಕು ಚಿತ್ರಗಳಿದ್ದವು. ಪ್ರತಿಯೊಂದರ ಮೂಲೆಯಲ್ಲಿ ಸಣ್ಣ ಬಾಣ. ಅಂಗಡಿಯವನು ಒಂದನ್ನು ಒತ್ತಿದ, ಇನ್ನೊಂದನ್ನು ಒತ್ತಿದ, ಆಮೇಲೆ ಕುರ್ಚಿಗೆ ಆತುಕೊಂಡ.

"ಇವು ಬರೇ ದಾರಿ ತೋರ್ಸೂ ಚಿತ್ರರೀ. ಖರೇ ಫೈಲು ಡಬ್ಬಿಯೊಳಗನ ಅದಾವ. ಊರಿನ ಬೋರ್ಡ್ ಕಿತ್ಕೊಂಡ್ ಬಂದೀರಿ, ಊರು ಅಲ್ಲೇ ಬಿಟ್ಟೀರಿ."

ಅಂಗಡಿಯಲ್ಲಿದ್ದ ಇಬ್ಬರು ನಕ್ಕರು. ಮೈಲಾರೆಪ್ಪನ ಕಿವಿ ಕಾದ ಹಂಚಿನಂತಾದವು. ಫೈಲುಗಳನ್ನು ಒಳಗೊಂದು ಕಡೆ ಇಟ್ಟು, ಕೈಗೆ ಬೇಗ ಸಿಗಲೆಂದು ಪರದೆಯ ಮೇಲೆ ಅವುಗಳ ಚಿತ್ರ ಇಟ್ಟುಕೊಂಡಿದ್ದ. ಆ ಚಿತ್ರಗಳನ್ನೇ ಆಟವೆಂದು ತಿಳಿದು ಪೆನ್‌ಡ್ರೈವಿಗೆ ಎಳೆದು ಹಾಕಿ, ಮೂರು ತಿಂಗಳು ಎದೆಗೆ ಅವಚಿಕೊಂಡು ತಿರುಗಿದ್ದ. ಫಾರ್ಮ್ಯಾಟ್ ಬೇಡ ಎಂದು ಗೋಣಿಚೀಲ ಕಟ್ಟಿದ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತು ರಾಣೇಬೆನ್ನೂರಿಗೆ ಮರಳಿದ.

ಮೈಲಾರೆಪ್ಪ ಬಾಡಿಗೆಗೆ ಹಿಡಿದಿದ್ದ ಅಂಗಡಿಯ ಮಾಲಕರ ಮಗಳು ಅರುಣಾ ಬ್ಯಾಡಗಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ದಿನವೂ ಬಸ್ಸಿನಲ್ಲಿ ಹೋಗಿ ಬರುವವಳು. ಅವಳು ಸಣ್ಣ ಹುಡುಗಿಯಾಗಿದ್ದಾಗ ಇದೇ ಅಂಗಡಿಯ ಕೀಲಿಗಳ ಮೇಲೆ ಕೈಯಾಡಿಸಿ ಮೈಲಾರೆಪ್ಪನಿಂದ ಬೈಸಿಕೊಂಡಿದ್ದಳು. ಅವಳ ಮುಂದೆ ಹೋಗಿ ನಿಲ್ಲಲು ಅವನಿಗೆ ಎರಡು ದಿನ ಬೇಕಾಯಿತು.

"ಕಾಕಾ, ಇದನ್ನೊಂದು ಹಾಕಿ ನೋಡ್ರಿ," ಎಂದು ಅವಳು ಒಂದು ಪೆನ್‌ಡ್ರೈವ್ ಕೊಟ್ಟಳು. "ಲಿನಕ್ಸ್ ಅಂತಾರ. ಡಬ್ಬಿ ಚಾಲೂ ಮಾಡೂ ಪೂರಾ ವ್ಯವಸ್ಥಾ ಇದರೊಳಗನ ಐತಿ. ನಿಮ್ಮ ಹಳೇ ಡಿಸ್ಕ್ ಮುಟ್ಟಲಾರದ, ಪೆನ್‌ಡ್ರೈವ್ ಮ್ಯಾಲನ ನಡಿತೈತಿ. ಫುಕಟ್. ಒಳಗ ಹೆಂಗೈತಿ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು, ತಿದ್ದಬಹುದು."

"ಬಿಚ್ಚಿ ನೋಡಾಕ ಬಿಡ್ತಾರ?"

"ಅದಕ್ಕ ಮಾಡ್ಯಾರ್ರೀ ಅದನ್ನ. ಆದ್ರ ಒಂದು ಹೇಳ್ತೇನಿ ಕೇಳ್ರಿ. ಚಾಲೂ ಆದಮ್ಯಾಲ ಎರಡು ಗುಂಡಿ ಬರ್ತಾವ. ಒಂದು ಬರೇ ನೋಡೂದು, ಒಂದು ಡಿಸ್ಕಿನ್ಯಾಗ ಕೂಡ್ರಿಸೂದು. ಕೂಡ್ರಿಸೂದಕ್ಕ ಕೈ ಹಚ್ಚಿದ್ರ ಒಳಗಿಂದೆಲ್ಲಾ ಅಳಿಸಿ ಹೋಗಬಹುದು. ನಾ ಬಂದು ಮಾಡ್ಲೇನು? ನಾಳೆ ಸಂಜೀಕ ಬರ್ತೇನಿ."

"ನಿನಗ ಯಾಕ ತ್ರಾಸು? ನಾ ನೋಡ್ಕೋತೇನಿ," ಎಂದು ಬಂದುಬಿಟ್ಟ.

ಮರುದಿನ ಹತ್ತು ಗಂಟೆಗೆ ಅಂಗಡಿಯ ಬಾಗಿಲು ಅರ್ಧ ತೆರೆದು ಅವನು ಕೂಡುವುದಕ್ಕೂ ಲಕ್ಕಪ್ಪ ಗುತ್ತಲದ ಬಸ್ಸಿಳಿದು ಬರುವುದಕ್ಕೂ ಸರಿಹೋಯಿತು. ತಾಲೀಮು ನಾಳೆಯೇ ಶುರು. ಆಟದ ಹಾಳೆಗಳನ್ನು ಒಯ್ಯಲು ಅವನು ಹೊಸ ಕೈಚೀಲ ತಂದಿದ್ದ. ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಮೈಲಾರೆಪ್ಪ ಎಲ್ಲವನ್ನೂ ಹೇಳಿದ. ಬಾಣದ ಚಿತ್ರಗಳ ಸಂಗತಿಯನ್ನೂ ಬಿಡಲಿಲ್ಲ.

ಲಕ್ಕಪ್ಪ ಸ್ಟೂಲಿನ ಮೇಲೆ ಕುಳಿತ. ಕೈಚೀಲವನ್ನು ನಾಲ್ಕು ಮಡಿಕೆ ಮಡಚಿ ತೊಡೆಯ ಕೆಳಗಿಟ್ಟುಕೊಂಡ.

"ನಿನ್ನ ಮಾತು ಕೇಳಿ ನೀರಿಗೆ ಬಿಟ್ಟೆ ಮೈಲಾರಿ," ಎಂದ. ದನಿ ಏರಿಸಲಿಲ್ಲ. ಏರಿಸಿದ್ದರೆ ಚಲೋ ಇತ್ತು.

ಮೈಲಾರೆಪ್ಪ ಪೆನ್‌ಡ್ರೈವ್ ಚುಚ್ಚಿ ಗುಂಡಿ ಒತ್ತಿದ. ಚಾಲೂ ಆಗುವಾಗ ಒಂದು ಕೀಲಿಯನ್ನು ಹದ ನೋಡಿ ಒತ್ತಬೇಕು. ಮೊದಲ ಸಲ ತಡವಾಯಿತು, ಎರಡನೆಯ ಸಲ ಅವಸರವಾಯಿತು. ಮೂರನೆಯ ಸಲ ಪಟ್ಟಿ ಬಂತು. ಪೆನ್‌ಡ್ರೈವಿನ ಹೆಸರು ಆರಿಸಿದ. ಪರದೆ ಕಪ್ಪಾಗಿ ನಿಂತುಬಿಟ್ಟಿತು. ಹೊರಗೆ ವಕೀಲರ ಗುಮಾಸ್ತನೊಬ್ಬ ಯಾವುದೋ ಪಕ್ಷಗಾರನ ಹೆಸರು ಕೂಗುತ್ತಿದ್ದ. ನಾಲ್ಕೈದು ನಿಮಿಷದ ಮೇಲೆ ಬಣ್ಣ ಮೂಡಿತು. ಎರಡು ಗುಂಡಿಗಳು ಅಕ್ಕಪಕ್ಕ.

"ಬಲಗಡೀದು ಒತ್ತು, ಬಲಕ್ಕಿದ್ದದ್ದು ಶುಭ," ಎಂದ ಲಕ್ಕಪ್ಪ.

"ಬಲಗಡೀದು ಒತ್ತಿದ್ರ ಇದ್ದದ್ದೂ ಹೊಳೀ ಪಾಲು. ಸುಮ್ನ ಕುಂದ್ರು."

ಎಡಗಡೆಯದನ್ನು ಒತ್ತಿದ.

ಹೊಸ ಮನೆಗೆ ಬಂದಂತಾಯಿತು. ಎಲ್ಲ ಇದೆ, ಯಾವುದೂ ಇದ್ದ ಜಾಗದಲ್ಲಿಲ್ಲ. ಸಿ ಡ್ರೈವ್ ಇಲ್ಲ, ಡಿ ಡ್ರೈವ್ ಇಲ್ಲ. ಸಿ ಹೋದರೂ ಡಿ ಉಳಿಯುತ್ತದೆ ಎಂದು ಇಷ್ಟು ವರ್ಷ ನಂಬಿ, ಆಟವನ್ನು ಡಿಯಲ್ಲಿ ಇಟ್ಟವನು ಅವನು. ಇಲ್ಲಿ ಬರೀ ಅಳತೆ ಬರೆದ ಎರಡು ಡಬ್ಬಿಯ ಚಿತ್ರಗಳು. ದೊಡ್ಡದನ್ನು ತೆರೆದ. ಲಗ್ನಪತ್ರಿಕೆಗಳು, ಅರ್ಜಿಗಳು, ಬಾಡಿಗೆ ಕರಾರುಗಳು. ನಡುವೆ 'ಗುತ್ತಲ ಆಟ'. ಒಳಗೆ ಹದಿನಾಲ್ಕು ಫೈಲು, ಒಂದೂ ಕಡಿಮೆ ಇಲ್ಲ.

"ಸಿಕ್ಕವೇನು?" ಲಕ್ಕಪ್ಪ ಸ್ಟೂಲು ಮುಂದಕ್ಕೆ ಎಳೆದ.

ಮೈಲಾರೆಪ್ಪ ಮೊದಲನೆಯದನ್ನು ತೆರೆದ. ಕನ್ನಡ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳು, ನೆತ್ತಿಯ ಮೇಲೆ ಓರೆಗೀಟು ಹೊತ್ತ 'ಎ' ಅಕ್ಷರಗಳು, ಪೌಂಡಿನ ಗುರುತುಗಳು, ಹುಳು ಹರಿದಾಡಿದಂತೆ ಪುಟದ ತುಂಬ. ಎರಡನೆಯದು ಹಾಗೇ, ಐದನೆಯದು ಹಾಗೇ.

"ಇದೇನೋ, ಅಜ್ಜ ಇಂಗ್ಲಿಷಿನ್ಯಾಗ ಬರದಂಗ ಆಗೈತಲ್ಲ," ಎಂದ ಲಕ್ಕಪ್ಪ.

ಇದು ಹಾಳಾಗಿ ಹೋಗಿದೆ, ಈ ಫುಕಟ್ ವ್ಯವಸ್ಥೆಯೇ ತಿಂದುಹಾಕಿತು ಎಂದು ಒಂದು ಕ್ಷಣ ಅನಿಸಿತು. ಗುಂಡಿ ಒತ್ತಿ ಎಲ್ಲವನ್ನೂ ಆರಿಸಿಬಿಡಲು ಕೈ ಮುಂದೆ ಹೋಯಿತು. ಆಗ ಡಬ್ಬಿಯೊಳಗಿನಿಂದ ಸಪ್ಪಳ ಬಂತು. ಟಕ್. ತುಸು ತಡೆದು ಮತ್ತೆ ಟಕ್. ಮೈಲಾರೆಪ್ಪ ಕೈ ಹಿಂದೆ ತೆಗೆದು ಫೋನು ಎತ್ತಿದ. ಲಕ್ಕಪ್ಪನ ಎದುರಿಗೇ ಅರುಣಾಳಿಗೆ ಹಚ್ಚಿದ.

"ಅರುಣಾ, ನನಗ ತಿಳೀವಲ್ದವಾ," ಎಂದ. ಆ ಮಾತು ಅವನ ಬಾಯಿಂದ ಬಂದದ್ದನ್ನು ಕೋರ್ಟಿನ ಎದುರು ಅದುವರೆಗೆ ಯಾರೂ ಕೇಳಿರಲಿಲ್ಲ.

ಅವಳು ತರಗತಿಯಿಂದ ಹೊರಗೆ ಬಂದು ಮಾತಾಡಿದಳು. "ಏನೂ ಹೋಗಿಲ್ಲ ಕಾಕಾ. ನೀವು ಟೈಪ್ ಮಾಡಿದ್ದು ಹಳೇ ಕಾಲದ ಫಾಂಟಿನ್ಯಾಗ. ಆ ಫಾಂಟು ಇಲ್ಲಿಲ್ಲ, ಅದಕ್ಕ ಹಂಗ ಕಾಣ್ತೈತಿ. ಫಾಂಟ್ ಹಾಕಿದ್ರ ಕನ್ನಡ ಬರ್ತೈತಿ. ಅದೇನ್ರಿ ಸಪ್ಪಳ?"

"ಡಬ್ಬಿ ಟಕ್ ಟಕ್ ಅನ್ನಾಕತ್ತೈತಿ."

"ಕಾಕಾ, ಡಿಸ್ಕ್ ಸಾಯಾಕತ್ತೈತಿ. ಓದಿ ನೋಡೂದು ಬಿಡ್ರಿ. ಬ್ಯಾರೇ ಪೆನ್‌ಡ್ರೈವ್ ಹಾಕಿ ಮೊದಲ ನಕಲು ತಗೋರಿ. ಯಾವುದು ಬೇಕೋ ಅದಷ್ಟ. ಲಗೂ."

ಯಾವುದು ಬೇಕೋ ಅದಷ್ಟೇ. ಹನ್ನೊಂದು ವರ್ಷದ ಅವನ ಕೆಲಸವೆಲ್ಲ ಆ ಡಬ್ಬಿಯಲ್ಲಿತ್ತು. ಮುಂದಿನ ವಾರ ಅಚ್ಚಿಗೆ ಹೋಗಬೇಕಾದ ಆರು ಲಗ್ನಪತ್ರಿಕೆಗಳು ಮೊದಲ ಸಾಲಿನಲ್ಲೇ ಇದ್ದವು. ಮೈಲಾರೆಪ್ಪ ಅವುಗಳ ಕಡೆ ಒಮ್ಮೆ ನೋಡಿ, ಆಟದ ಫೈಲುಗಳ ಮೇಲೆ ಮೌಸಿನ ಬಾಣ ಇಟ್ಟು ಬೇರೆ ಪೆನ್‌ಡ್ರೈವಿಗೆ ಎಳೆದ.

ಒಂದು. ಎರಡು. ಮೂರರ ಹೊತ್ತಿಗೆ ಟಕ್ಕೆಂದು ನಿಂತು, ಮತ್ತೆ ಹೊರಟಿತು. ಲಕ್ಕಪ್ಪ ಎದ್ದು ನಿಂತು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದ. ಯಾರೋ ಅರ್ಜಿ ಬರೆಸಲು ಬಂದವನು ಇಣುಕಿದ. "ಆಮ್ಯಾಲ ಬಾ, ಇಲ್ಲಿ ಹೆರಿಗಿ ನಡದೈತಿ," ಎಂದು ಲಕ್ಕಪ್ಪ ಅವನನ್ನು ಅಟ್ಟಿದ. ಎಂಟು, ಒಂಬತ್ತು. ಹತ್ತರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಇಬ್ಬರ ಅಂಗಿಯೂ ಬೆನ್ನಿಗೆ ಅಂಟಿತ್ತು. ಫ್ಯಾನಿನ ಅದುರಾಟ ಡಬ್ಬಿಗೆ ತಾಗೀತೆಂದು ಮೈಲಾರೆಪ್ಪ ಅದನ್ನೂ ಆರಿಸಿದ್ದ. ಹದಿಮೂರು ದಾಟಿತು. ಹದಿನಾಲ್ಕರ ಹಸಿರು ಪಟ್ಟಿ ಮುಕ್ಕಾಲಿಗೆ ಬಂದು ನಿಂತಿತು. ಟಕ್ ಟಕ್ ಟಕ್ ಎಂದು ಒಂದೇ ಸಮನೆ ಬಡಿದು, ಡಬ್ಬಿ ಮೌನವಾಯಿತು. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ತಪ್ಪಿನ ಸಂದೇಶ.

ಆರಿಸಿ ತಣ್ಣಗೆ ಮಾಡಿ ಮತ್ತೆ ಹಚ್ಚಿದರು. ಅರುಣಾ ಸಂಜೆ ಬಂದು ತನಗೆ ಗೊತ್ತಿದ್ದುದನ್ನೆಲ್ಲ ಮಾಡಿ ನೋಡಿದಳು. ಆ ಡಿಸ್ಕ್ ಮತ್ತೆ ತಿರುಗಲಿಲ್ಲ. ಅವಳು ತಂದ ಫಾಂಟು ಹಾಕಿದಾಗ ಪುಟ ತುಂಬಿದ್ದ ಹುಳುಗಳೆಲ್ಲ ಒಮ್ಮೆಲೇ ಕನ್ನಡವಾಗಿ ಎದ್ದು ನಿಂತವು. ಲಕ್ಕಪ್ಪ ಮೊದಲ ಪದ ಓದಿದ.

ಹದಿಮೂರು ಭಾಗ ಉಳಿಯಿತು, ಹದಿನಾಲ್ಕನೆಯದು ಇಲ್ಲ. ರಾಜ ತನ್ನ ತಾಯಿಯ ಎದುರು ನಿಂತು ನ್ಯಾಯ ಕೇಳುವ ಭಾಗ ಅದು. ದೊಡ್ಡಾಟದಲ್ಲಿ ಪ್ರತಿಯೊಬ್ಬನೂ ತನ್ನ ಪಾತ್ರದ ಮಾತಷ್ಟೇ ಬಾಯಿಪಾಠ ಮಾಡುತ್ತಾನೆ. ಲಕ್ಕಪ್ಪ ರಾಜನ ಪಾತ್ರದವನು, ಅದು ಅವನಿಗೆ ಬರುತ್ತದೆ. ತಾಯಿಯ ಪಾತ್ರವನ್ನು ಮೂವತ್ತು ವರ್ಷ ಕಟ್ಟಿದವನು ಕರ್ಜಗಿಯ ಮಲಂಗಸಾಬ. ಅವನಿಗೆ ಎಂಬತ್ತು ದಾಟಿದೆ.

"ಬದುಕ್ಯಾನೇನು?" ಎಂದ ಮೈಲಾರೆಪ್ಪ.

"ಬದುಕ್ಯಾನ. ನೆಪ್ಪು ಉಳದೈತೋ ಇಲ್ಲೋ."

ಮರುದಿನ ತಾಲೀಮು ನಿಲ್ಲಿಸಿ ಇಬ್ಬರೂ ಬೈಕಿನಲ್ಲಿ ಕರ್ಜಗಿಗೆ ಹೋದರು. ಮಲಂಗಸಾಬ ಕಟ್ಟೆಯ ಮೇಲೆ ಕುಳಿತಿದ್ದ. ಮೈಲಾರೆಪ್ಪ ಉದ್ದನೆಯ ವಹಿ ಬಿಚ್ಚಿ, ಪೆನ್ನು ಹಿಡಿದು, ಹೇಳ್ರಿ ಎಂದ. ಮುದುಕ ಬಾಯಿ ತೆರೆದ. ಮಾತು ಬರಲಿಲ್ಲ.

"ಕುಂತು ಹೇಳಾಕ ಬರಂಗಿಲ್ಲಪಾ," ಎಂದ. "ಹೆಜ್ಜಿ ಹಾಕಿದ್ರ ಬರ್ತೈತಿ. ಎಬ್ಬಸ್ರಿ ನನ್ನ."

ಲಕ್ಕಪ್ಪ ಒಂದು ಕೈಯಿಂದ ಅವನ ರಟ್ಟೆ ಹಿಡಿದು, ಇನ್ನೊಂದು ಕೈಯಿಂದ ಕಟ್ಟೆಯ ಮೇಲಿನ ಎಣ್ಣೆಡಬ್ಬ ಬಡಿಯತೊಡಗಿದ. ಮುದುಕ ಎರಡು ಹೆಜ್ಜೆ ಮುಂದೆ, ಒಂದು ಹಿಂದೆ ಇಟ್ಟ. ಮೂರನೆಯ ಸುತ್ತಿಗೆ ದನಿ ಹೊರಬಿತ್ತು. ಮೊಮ್ಮಗಳು ಶಾಹೀನ್ ಒಳಗಿನಿಂದ ಬಂದು, "ದಾದಾ, ಬೀಳ್ತೀರಿ," ಎಂದಳು. ಅವನು ಅವಳತ್ತ ನೋಡಲೇ ಇಲ್ಲ. ತಾಯಿ ಕೇಳುತ್ತ ಹೋದಳು, ಲಕ್ಕಪ್ಪ ರಾಜನಾಗಿ ಉತ್ತರ ಕೊಡುತ್ತ ಹೋದ, ಮೈಲಾರೆಪ್ಪನ ಬೆರಳು ನೋಯತೊಡಗಿತು. ಮಸೀದಿಯ ಮಧ್ಯಾಹ್ನದ ಬಾಂಗಿನ ಹೊತ್ತಿಗೆ ಕಡೆಯ ಪುಟ ಬಂತು. ನಡುವೆ ಒಂದು ಕಡೆ ಮಾತ್ರ ಮುದುಕನ ಹೆಜ್ಜೆ ನಡೆದೇ ಇತ್ತು, ಮಾತು ಬರಲಿಲ್ಲ. ಮೂರು ಸಲ ಹಿಂದಿನಿಂದ ಎತ್ತಿಕೊಂಡರೂ ಅಲ್ಲೇ ನಿಂತಿತು. ಹೆಜ್ಜೆ ಎಣಿಸಿ ನೋಡಿದರೆ ಹನ್ನೊಂದು ಸಾಲಿನ ಜಾಗ.

ಮರಳುವಾಗ ಲಕ್ಕಪ್ಪ ಹಿಂದಿನ ಸೀಟಿನಿಂದ ಹೇಳಿದ. "ಎರಡು ವರ್ಷ ಅಜ್ಜನ ಮಾತು ಬಡಿದೀ. ಅವನ ಧಾಟಿ ನಿನ್ನ ಕೈಗೆ ಹತ್ತೈತಿ. ಹನ್ನೊಂದು ಸಾಲು ನೀನ ಕಟ್ಟಿ ಹಾಕಿಬಿಡು, ಯಾರ ಕೇಳ್ತಾರ?"

ಕಟ್ಟಬಲ್ಲೆನೆಂಬುದು ಮೈಲಾರೆಪ್ಪನಿಗೆ ಗೊತ್ತಿತ್ತು. ಅಲ್ಲೇ ಗಾಡಿಯ ಮೇಲೆ ಒಂದೆರಡು ಸಾಲು ನಾಲಿಗೆಗೆ ಬಂದೂ ಇದ್ದವು.

"ಬ್ಯಾಡ. ಖಾಲಿ ಬಿಡ್ತೇನಿ," ಎಂದ.

ಈಗ ಆ ಡಬ್ಬಿಗೆ ಹೊಸ ಡಿಸ್ಕ್ ಬಂದಿದೆ. ಲಿನಕ್ಸನ್ನು ಮೈಲಾರೆಪ್ಪನೇ ಕೂರಿಸಿದ, ಅರುಣಾ ಪಕ್ಕದಲ್ಲಿ ಕುಳಿತು ನೋಡಿದಳು. ಆಟ ಮೂರು ಪ್ರತಿಯಾಗಿ ಕಾಗದದ ಮೇಲಿದೆ, ಒಂದು ಗುತ್ತಲದಲ್ಲಿ, ಒಂದು ಕರ್ಜಗಿಯಲ್ಲಿ, ಒಂದು ಅಂಗಡಿಯ ಗೋಡೆಯ ಗೂಡಿನಲ್ಲಿ. ಹದಿನಾಲ್ಕನೆಯ ಭಾಗದಲ್ಲಿ ಬಿಳಿ ಜಾಗವಿದೆ. ಮೇಳದವರು ಆ ಆಟ ಆಡುವಾಗ ತಾಯಿಯ ಪಾತ್ರದವನು ಅಲ್ಲಿಗೆ ಬಂದು ಮಾತು ನಿಲ್ಲಿಸಿ ಹೆಜ್ಜೆ ಮಾತ್ರ ಹಾಕುತ್ತಾನೆ. ಹನ್ನೊಂದು ಸಾಲಿನಷ್ಟು ಹೊತ್ತು ಮದ್ದಳೆಯೊಂದೇ ನುಡಿಯುತ್ತದೆ.