ಊಟಕ್ಕೇನು ಇಷ್ಟ ಎಂದು ಕೇಳುತ್ತಿದ್ದವರು

2011ರ ಜುಲೈ ತಿಂಗಳ ಒಂದು ಬೆಳಿಗ್ಗೆ, ರಬಾಳೆಯ ನಮ್ಮ ಬಣ್ಣದ ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಸೀಮೆಎಣ್ಣೆ ತಾಗಿದ ಉಪ್ಪಿಟ್ಟನ್ನು ನಮ್ಮ ಶಿಫ್ಟ್ ಇನ್‌ಚಾರ್ಜ್ ಎರಡು ಸಲ ಹಾಕಿಸಿಕೊಂಡು ತಿಂದರು. ಉಳಿದವರು ಮೊದಲ ತುತ್ತಿಗೇ ಎದ್ದುಹೋಗಿದ್ದರು. ಇನ್‌ಚಾರ್ಜ್ ಬಂದದ್ದು ಕೊನೆಗೆ. ಎದುರಿಗೆ ನಾನೊಬ್ಬನೇ ಇದ್ದೆ.

ಅವರದು ಉದ್ದನೆಯ ಮೂಗು. ಗ್ಯಾಸ್ ಪೈಪುಗಳಿದ್ದ ಶೆಡ್ಡಿನ ಬಾಗಿಲಲ್ಲಿ ಗದ್ದ ಎತ್ತಿ ಎರಡು ಸಲ ಉಸಿರೆಳೆದ ಮೇಲೆಯೇ ಒಳಗೆ ಕಾಲಿಡುತ್ತಿದ್ದರು. ಬಾಗಲಕೋಟೆ ಕಡೆಯವರು, ಮನೆ ಕಲ್ಯಾಣದಲ್ಲಿ.

ಎಂಟು ವರ್ಷ ಹಿಂದೆ ನನ್ನನ್ನು ಕೆಲಸಕ್ಕೆ ಆರಿಸಿದ್ದು ಅವರೇ. ಸರ್ಟಿಫಿಕೇಟು ಬಿಚ್ಚಿಸಲಿಲ್ಲ. ಗೇಟಿನಾಚೆಯ ಚಹಾ ಅಂಗಡಿಗೆ ಕರೆದೊಯ್ದರು.

"ತಮ್ಮಾ, ಊಟಕ್ಕ ಏನ್ ಸೇರ್ತೈತಿ ನಿನಗ?"

"ಸಾರು, ಅನ್ನ ಸರ್. ಇಂಗು ಜಾಸ್ತಿಯಾದ್ರೆ ಆಗುದಿಲ್ಲ."

"ಉಡುಪಿಯಾಂವ ಇಂಗು ಬ್ಯಾಡ ಅಂದದ್ದು ಇದ ಮೊದಲ ಕೇಳಾಕತ್ತೇನಿ. ನಾಳಿಂದ ಬಾ."

ನನ್ನ ಜೊತೆ ಬಂದಿದ್ದ ವಿಠ್ಠಲವಾಡಿಯ ಗೆಳೆಯನಿಗೆ ಚಹಾ ಕುಡಿಸಿ ವಾಪಸು ಕಳಿಸಿದರು. ಓದಿನಲ್ಲಿ ಅವನು ನನಗಿಂತ ಮುಂದಿದ್ದ. ಯಾಕೆಂದು ನಾನು ಕೇಳಿದ್ದಕ್ಕೆ, "ಅಂವಗ ಮೈಗೆ ಅತ್ತರು ಬೇಕು, ಬಾಯಾಗ ಗುಟ್ಕಾ ಬೇಕು. ವಾಲ್ವ್ ಸೋರಿದ್ದು ಅಂವಗ ಗೊತ್ತಾಗೂದು ಆಂಬುಲೆನ್ಸಿನ್ಯಾಗ" ಎಂದರು.

2006ರಲ್ಲಿ ಒಮ್ಮೆ ಹಾಗೇ ಗದ್ದ ಎತ್ತಿ ನಿಂತವರು, "ಎಲ್ಲಾರೂ ಹೊರಗ!" ಎಂದು ಕೂಗಿದರು. ಸೋರಿಕೆ ತೋರಿಸುವ ಮೀಟರಿನ ಮುಳ್ಳು ಇನ್ನೂ ಅಲುಗಿರಲಿಲ್ಲ. ನಾವು ಓಡಿದೆವು. ವಿಷದ ಗ್ಯಾಸಿನ ಪೈಪೊಂದರ ಕೀಲು ಸೋರುತ್ತಿತ್ತು.

ಈಗ ಅದೇ ಮನುಷ್ಯ ಆ ಉಪ್ಪಿಟ್ಟನ್ನು ಬಳಿದು ತಿನ್ನುತ್ತಿದ್ದರು.

"ಸರ್, ಅದು ಸೀಮೆಎಣ್ಣೆ ವಾಸನೆ ಹೊಡೀತದೆ" ಎಂದೆ.

ಚಮಚ ನಿಂತಿತು. "ಯಾರಿಗರೆ ಹೇಳಿದಿ?"

"ಇಲ್ಲ ಸರ್."

"ಹೇಳಬ್ಯಾಡ. ಮೂಗು ಹೋಗೇತಿ ಅಂದ್ರ ಗೇಟಿನ್ಯಾಗ ಕುಂಡ್ರಸ್ತಾರ. ಇನ್ನ ಎಂಟ ತಿಂಗಳ ಸರ್ವಿಸ್ ಐತಿ. ನೀ ನನ್ನ ಬಾಜೂಕ ನಿಂದ್ರು. ನಾತ ಬಂತಂದ್ರ ಕೆಮ್ಮು, ಅಷ್ಟ."

ಒಪ್ಪಿದೆ. ಅಂದಿನಿಂದ ಬಾಗಿಲಲ್ಲಿ ಅವರು ಗದ್ದ ಎತ್ತುತ್ತಿದ್ದರು, ನಾನು ಉಸಿರೆಳೆಯುತ್ತಿದ್ದೆ. ಶಿಫ್ಟಿನ ಆರು ಮಂದಿ ಅವರ ಗದ್ದ ನೋಡಿಯೇ ಒಳಗೆ ಹೋಗುತ್ತಿದ್ದರು.

ಸೆಪ್ಟೆಂಬರಿನಲ್ಲಿ ನನಗೆ ನೆಗಡಿಯಾಯಿತು. ವರ್ತಕ ನಗರದ ಮನೆಯಿಂದ ಫೋನ್ ಮಾಡಿದೆ. "ಸರ್, ಇವತ್ತು ನಂಗೂ ಏನೂ ವಾಸನೆ ಗೊತ್ತಾಗುದಿಲ್ಲ. ನೀವೂ ರಜೆ ಹಾಕಿ."

"ಇಬ್ಬರೂ ಮನ್ಯಾಗ ಕುಂತ್ರ ಹುಡುಗೂರ್ನ ಯಾರ್ ನೋಡ್ಬೇಕಲೇ? ಮಲಕೋ ನೀ."

ಎಂಟಕ್ಕೆ ಬಾಗಿಲಲ್ಲಿ ಗದ್ದ ಎತ್ತಿ, "ನಡೀರಿ" ಎಂದರಂತೆ. ಹತ್ತೂವರೆಗೆ, ಸೋರುತ್ತಿದ್ದ ಕೀಲಿನ ಪಕ್ಕದಲ್ಲೇ ಕಾಲು ಗಂಟೆ ನಿಂತು ರೀಡಿಂಗ್ ಬರೆದುಕೊಂಡರಂತೆ. ದೂರದಿಂದ ನಾತ ಹಿಡಿದು ಕೂಗಿದವನು ಡೊಂಬಿವಲಿಯ ಹೊಸಬ. ಅವನನ್ನೂ ಅವರೇ ಚಹಾ ಅಂಗಡಿಯಲ್ಲಿ ಆರಿಸಿದ್ದರು. ಆರೂ ಮಂದಿ ಹೊರಬಂದರು. ವಾಲ್ವ್ ಮುಚ್ಚಲು ಅವರು ಒಳಗೇ ಉಳಿದರು.

ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ತನಿಖೆಗೆ ಬಂದವರಿಗೆ ನಾನು ಕೊಟ್ಟ ಹೇಳಿಕೆ ನಾಲ್ಕು ಸಾಲಿನದು. ಉಪ್ಪಿಟ್ಟಿನ ವಿಷಯ ಅದರಲ್ಲಿಲ್ಲ.