ತೊಂಬತ್ತು ದಿರ್ಹಮ್‌ನ ಮರುಭೂಮಿ

ಪೆರಾಬೆಯಿಂದ ನಾವು ಮೂವರು ಹೊರಟದ್ದು ಒಂದು ಸೋಮವಾರ, ಬೆಳಿಗ್ಗೆ ಐದೂವರೆಗೆ. ನಾನು, ಉಪ್ಪ, ಉಮ್ಮ. ನಮ್ಮ ಬ್ಯಾರಿ ಮನೆಗಳಲ್ಲಿ ಅಪ್ಪನಿಗೆ ಉಪ್ಪ, ಅಮ್ಮನಿಗೆ ಉಮ್ಮ. ಕಾರು ಆಲಂಕಾರಿನ ಕೇಶವಣ್ಣನದು. ಮಂಗಳೂರು ವಿಮಾನ ನಿಲ್ದಾಣಕ್ಕೆ ಎರಡೂವರೆ ಗಂಟೆಯ ದಾರಿ. ಹೆದ್ದಾರಿ ಕೆಲಸ ನಡೆಯುತ್ತಿದ್ದ ಕಡೆ ಉಮ್ಮನ ಸೊಂಟಕ್ಕೆ ಪೆಟ್ಟು ಬೀಳದ ಹಾಗೆ ಕೇಶವಣ್ಣ ಹೊಂಡಕ್ಕೊಂದು ಸಲ ನಿಧಾನ ಮಾಡುತ್ತಿದ್ದರು. ಉಮ್ಮ ಬೆನ್ನಿಗೆ ಎರಡು ತಲೆದಿಂಬು ಕೊಟ್ಟು ಕೂತಿದ್ದರು. ಮುಂದಿನ ಸೀಟಿನಲ್ಲಿ ಉಪ್ಪ ಇಡೀ ದಾರಿ ಒಂದು ಮಾತೂ ಆಡಲಿಲ್ಲ.

ಅವರಿಗೆ ಈ ಪ್ರಯಾಣ ಇಷ್ಟವಿರಲಿಲ್ಲ. ಅಬುಧಾಬಿಯ ಒಳನಾಡಿನಲ್ಲಿ, ಮರಳಿನ ನಡುವೆ ಪೈಪ್ ಹಾಕುವವರ ಕ್ಯಾಂಪಿನಲ್ಲಿ ಅವರು ಇಪ್ಪತ್ತಾರು ವರ್ಷ ಅಡುಗೆ ಮಾಡಿದವರು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವಾಗ ಟಾರ್ಚು, ನೋವಿನ ಎಣ್ಣೆ, ಹಾಲಿನ ಪುಡಿ ತರುತ್ತಿದ್ದರು. ಅಲ್ಲಿ ಹೇಗಿತ್ತು ಎಂದು ಕೇಳಿದರೆ "ಒಳ್ಳೇದುಂಟು" ಎನ್ನುವುದು ಬಿಟ್ಟರೆ ಬೇರೆ ಉತ್ತರ ಇರಲಿಲ್ಲ. ಊರಿಗೆ ಮರಳಿ ಹನ್ನೆರಡು ವರ್ಷವಾದ ಮೇಲೂ ಅಷ್ಟೇ.

ಹೋಗಬೇಕೆಂದು ಹಟ ಹಿಡಿದವರು ಉಮ್ಮ. ಬೆನ್ನುಮೂಳೆಗೆ ಬರುವ ವರ್ಷ ಶಸ್ತ್ರಚಿಕಿತ್ಸೆ ಆಗಬೇಕು ಎಂದು ಡಾಕ್ಟರು ಹೇಳಿದ ದಿನ, ಆಸ್ಪತ್ರೆಯ ಮೆಟ್ಟಿಲಲ್ಲೇ ಕೂತು ಅವರು ನನಗೆ ಹೇಳಿದರು: "ಅದಕ್ಕೆ ಮುಂಚೆ ನನ್ನನ್ನು ಒಮ್ಮೆ ಆ ಮರಳಿಗೆ ಕರ್ಕೊಂಡು ಹೋಗು. ನಿನ್ನ ಉಪ್ಪ ಅಷ್ಟು ವರ್ಷ ಎಲ್ಲಿದ್ದರು ಅಂತ ನಾನು ನೋಡಬೇಕು."

ನಾನು ಪುತ್ತೂರಿನ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳು. ನನ್ನ ಸಂಬಳದಲ್ಲಿ ಮೂವರ ವಿದೇಶ ಪ್ರಯಾಣ ಎಂದರೆ ತುಂಬಾ ಲೆಕ್ಕಾಚಾರದ ಕೆಲಸ. ಶಾಲೆಗಳ ರಜೆ ಮುಗಿದ ಮೇಲೆ, ಶನಿವಾರ ಭಾನುವಾರ ಬಿಟ್ಟು ಬೇರೆ ದಿನಗಳಿಗೆ ಟಿಕೆಟು ನೋಡಿದೆ. ಅದರಲ್ಲೇ ಮೂರನೇ ಒಂದು ಪಾಲು ಉಳಿಯಿತು. ಉಳಿದುಕೊಳ್ಳಲು ಶಾರ್ಜಾದಲ್ಲಿ ಚಿಕ್ಕಪ್ಪನ ಮಗ ನೌಶಾದನ ಫ್ಲ್ಯಾಟ್ ಇತ್ತು. ಉಳಿದದ್ದು ಮರುಭೂಮಿ. ಪುತ್ತೂರಿನ ಒಬ್ಬ ಏಜೆಂಟ್ ಸಂಜೆಯ ಸಫಾರಿಗೆ ತಲೆಗೆ ನಾಲ್ಕೂವರೆ ಸಾವಿರ ಹೇಳಿದ. ಊಟ, ಕುಣಿತ, ಬೆಂಕಿಯಾಟ ಎಲ್ಲ ಸೇರಿ. ಉಮ್ಮನಿಗೆ ಕುಣಿತ ಬೇಡ, ಮರಳು ಸಾಕು ಎಂದೆ. ಆತ ನನ್ನನ್ನು ಒಂಥರಾ ನೋಡಿದ. ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ ಬರೇ ನಲವತ್ತೊಂಬತ್ತು ದಿರ್ಹಮ್ ಎಂದು ದಪ್ಪ ಅಕ್ಷರದಲ್ಲಿತ್ತು. ಕೆಳಗೆ ಓದುತ್ತ ಹೋದ ಹಾಗೆ ಮನೆಯಿಂದ ಕರೆದೊಯ್ಯುವುದಕ್ಕೆ ಬೇರೆ, ತೆರಿಗೆ ಬೇರೆ, ಶಾರ್ಜಾದವರಿಗೆ ಇನ್ನೂ ಬೇರೆ. ಕೊನೆಗೆ ನೌಶಾದ್ ವಿಚಾರಿಸಿ ಹೇಳಿದ, "ಬೆಳಿಗ್ಗಿನ ಸಫಾರಿ ಮಾಡಿ ಅಕ್ಕ. ಊಟ ಇಲ್ಲ, ಆಟ ಇಲ್ಲ, ಗಾಡಿಯಲ್ಲಿ ಬೇರೆಯವರೂ ಇರ್ತಾರೆ. ತಲೆಗೆ ತೊಂಬತ್ತು ದಿರ್ಹಮ್, ಕರ್ಕೊಂಡು ಹೋಗಿ ಬಿಡುದು ಸೇರಿ." ನಮ್ಮ ಲೆಕ್ಕದಲ್ಲಿ ಎರಡು ಸಾವಿರ ಚಿಲ್ಲರೆ. ಮುಂಗಡ ಸ್ವಲ್ಪವೇ ಕೊಟ್ಟು ಮೂರು ಸೀಟು ಹಿಡಿದೆ. ಒಂದು ಪ್ರಶ್ನೆ ಕೇಳಲು ಮಾತ್ರ ಮರೆತೆ, ಅದು ಆಮೇಲೆ ಗೊತ್ತಾಯಿತು.

ವಿಮಾನ ಮೂರೂವರೆ ಗಂಟೆ. ಉಮ್ಮ ಕಿಟಕಿಯ ಪಕ್ಕ ಕೂತು ಮೋಡ ನೋಡಿದರು, ಉಪ್ಪ ಕಣ್ಣು ಮುಚ್ಚಿಕೊಂಡಿದ್ದರು. ಇಳಿದಾಗ ಅಲ್ಲಿ ಮಧ್ಯಾಹ್ನ, ಮೂವತ್ತೇಳು ಡಿಗ್ರಿ. ಮರುದಿನ ಪಕ್ಕದ ದೊಡ್ಡ ಊರಿಗೆ ಹೋಗಿ ಮೆಟ್ರೋದಲ್ಲಿ ಸುತ್ತಿದೆವು. ಕೆಫೆಟೇರಿಯಾ ಒಂದರಲ್ಲಿ ಹದಿನಾಲ್ಕು ದಿರ್ಹಮ್‌ಗೆ ಬಿರಿಯಾನಿ, ಒಂದೂವರೆಗೆ ಚಹಾ. ಬಿರಿಯಾನಿ ಒಂದು ತಟ್ಟೆ ಇಬ್ಬರಿಗೆ ಧಾರಾಳವಾಯಿತು. ಎತ್ತರದ ಕಟ್ಟಡಗಳ ಕೆಳಗೆ ನಿಂತು ಉಮ್ಮ ಕೇಳಿದರು, "ಇಲ್ಲಿಗೆ ಬರ್ತಿದ್ರಾ ನೀವು?"

"ವರ್ಷಕ್ಕೊಮ್ಮೆ," ಎಂದರು ಉಪ್ಪ. "ಬಟ್ಟೆ ತೆಗೀಲಿಕ್ಕೆ."

ಸಫಾರಿಯ ಹಿಂದಿನ ಸಂಜೆ ಉಪ್ಪ ತಾವು ಬರುವುದಿಲ್ಲ ಎಂದು ಬಿಟ್ಟರು. "ಅಲ್ಲಿ ಎಂತ ಉಂಟು ನೋಡ್ಲಿಕ್ಕೆ? ಹಣ ಕೊಟ್ಟು ಯಾರಾದ್ರೂ ಮರಳಿಗೆ ಹೋಗ್ತಾರಾ? ಅದು ಸಹ ನಾನಿದ್ದ ಜಾಗ ಅಲ್ಲ, ನನ್ನದು ಇಲ್ಲಿಂದ ನಾಲ್ಕು ಗಂಟೆ ದೂರ."

"ಮರಳು ಮರಳೇ ಅಲ್ವಾ?" ಎಂದರು ಉಮ್ಮ. ಅಕ್ಕಿರೊಟ್ಟಿ ಕಟ್ಟುವಾಗ ಮೂವರ ಪಾಲನ್ನೂ ಕಟ್ಟಿಟ್ಟರು. ಬೆಳಿಗ್ಗೆ ಏಳಕ್ಕೆ ನಾವಿಬ್ಬರು ಲಿಫ್ಟಿನಿಂದ ಇಳಿದು ಗೇಟಿಗೆ ಬಂದಾಗ ಉಪ್ಪ ಆಗಲೇ ಶೂ ಹಾಕಿಕೊಂಡು ಅಲ್ಲಿ ನಿಂತಿದ್ದರು.

ಏಳಕ್ಕೆ ಬರುತ್ತೇವೆ ಎಂದ ಗಾಡಿ ಏಳು ಐವತ್ತಕ್ಕೆ ಬಂತು. ಚಾಲಕ ಪೇಶಾವರದ ಕಡೆಯ ಐವತ್ತರ ಗಂಡಸು, ಹೆಸರು ಗುಲ್. ಹಿಂದಿನ ಸೀಟಿನಲ್ಲಿ ಹೈದರಾಬಾದಿನ ಗಂಡ ಹೆಂಡತಿ, ಹೊಸದಾಗಿ ಮದುವೆಯಾದವರು. ಹತ್ತಾ ಎಂಬ ಊರಿನ ಕಡೆಗೆ ಹೋಗುವ ರಸ್ತೆಯಲ್ಲಿ ಮುಕ್ಕಾಲು ಗಂಟೆ ಓಡಿದ ಮೇಲೆ ಕಟ್ಟಡಗಳು ಮುಗಿದವು. ರಸ್ತೆಯ ಎರಡೂ ಬದಿ ಕೆಂಪು ಮರಳು ಎದ್ದು ನಿಂತಿತ್ತು. ಉಮ್ಮ ಕಿಟಕಿಯ ಗಾಜಿಗೆ ಕೈಯಿಟ್ಟರು. ಡಾಂಬರು ಬಿಟ್ಟು ಇಳಿದ ಕಡೆ ಗುಲ್ ಗಾಡಿ ನಿಲ್ಲಿಸಿ, ಚಕ್ರಗಳ ಗಾಳಿ ಇಳಿಸಲು ಕುಳಿತ. ಮರಳಿನಲ್ಲಿ ಹೂತುಹೋಗದಿರಲು ಹಾಗೆ ಮಾಡುತ್ತಾರಂತೆ. ಎದ್ದವನು ಎಲ್ಲರ ಬೆಲ್ಟು ನೋಡುತ್ತ ಬಂದ. ಉಮ್ಮನ ಸೀರೆಯ ಮೇಲೆ ಡಾಕ್ಟರು ಕೊಟ್ಟ ಸೊಂಟಪಟ್ಟಿ ಕಂಡದ್ದೇ ತಲೆ ಅಲ್ಲಾಡಿಸಿದ.

"ಇವರನ್ನು ಕರ್ಕೊಂಡು ದಿಣ್ಣೆ ಹತ್ತಲಿಕ್ಕೆ ಆಗುವುದಿಲ್ಲ. ಗಾಡಿ ಹಾರ್ತದೆ, ಬೀಳ್ತದೆ. ಬೆನ್ನು ನೋವಿನವರಿಗೆ ಬೇಡ ಅಂತ ನಿಯಮ ಉಂಟು. ನಿಮಗೆ ಹೇಳಲಿಲ್ಲವಾ?" ಅವನು ಹೇಳಿದ್ದು ಉರ್ದುವಿನಲ್ಲಿ. ನಾನು ಕೇಳದೆ ಬಿಟ್ಟ ಪ್ರಶ್ನೆ ಅದೇ. ಬುಕ್ ಮಾಡುವವರು ಮೊದಲು ಅದನ್ನು ಕೇಳಿಕೊಳ್ಳಿ.

ಹೈದರಾಬಾದಿನವರು ದಿಣ್ಣೆ ಹತ್ತಲೆಂದೇ ಹಣ ಕೊಟ್ಟವರು, ಅವರದನ್ನು ಹಾಳು ಮಾಡುವ ಹಾಗಿಲ್ಲ. ಇಷ್ಟು ದೂರ ಬಂದು ಉಮ್ಮ ರಸ್ತೆ ಬದಿಯಲ್ಲಿ ಕೂರಬೇಕೇ? ಉಮ್ಮ ನನ್ನ ಮುಖ ನೋಡಿ, "ಸಾರ ಇಲ್ಲ ಮಗಾ, ಇಲ್ಲಿಂದಲೇ ಕಾಣ್ತದಲ್ಲ," ಎಂದರು. ಅವರ ದನಿ ಸಣ್ಣದಾಗಿತ್ತು.

ಆಗ ಉಪ್ಪ ಗಾಡಿಯಿಂದ ಇಳಿದರು. ಗುಲ್‌ನ ಹೆಗಲ ಮೇಲೆ ಕೈಯಿಟ್ಟು ಉರ್ದುವಿನಲ್ಲಿ ಮಾತು ಶುರು ಮಾಡಿದರು. ಉಪ್ಪ ಉರ್ದು ಅಷ್ಟು ಸರಾಗ ಮಾತಾಡುವುದನ್ನು ನಾನು ಕೇಳಿರಲೇ ಇಲ್ಲ. ಯಾವ ಕ್ಯಾಂಪು, ಯಾವ ಕಾಲ, ನಿಮ್ಮವರು ಯಾರಿದ್ದರು ಅಲ್ಲಿ ಎಂದು ಇಬ್ಬರೂ ಕೇಳಿಕೊಂಡರು. ಗುಲ್‌ನ ಮಾವ ಅದೇ ಕಡೆ ಲಾರಿ ಓಡಿಸಿದವರಂತೆ. ಐದು ನಿಮಿಷದಲ್ಲಿ ವ್ಯವಸ್ಥೆಯಾಯಿತು. ಗುಲ್ ನಮ್ಮನ್ನು ಸಮತಟ್ಟು ಹಾದಿಯಲ್ಲಿ ನಿಧಾನ ಕರೆದೊಯ್ದು ಒಂದು ತಗ್ಗು ದಿಣ್ಣೆಯ ಬುಡದಲ್ಲಿ ಇಳಿಸಿದ. ನೀರಿನ ಬಾಟಲಿ ನಾಲ್ಕು ಕೊಟ್ಟ. ಉಳಿದವರನ್ನು ಎತ್ತರದ ದಿಣ್ಣೆಗಳಿಗೆ ಕರೆದುಕೊಂಡು ಹೋಗಿ ಅರ್ಧ ಗಂಟೆಯಲ್ಲಿ ಬರುತ್ತೇನೆ ಎಂದ.

ಗಾಡಿಯ ಸದ್ದು ದೂರವಾದ ಮೇಲೆ ಅಲ್ಲಿ ಗಾಳಿಯದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಉಮ್ಮ ಚಪ್ಪಲಿ ಕಳಚಿದರು. "ತಣ್ಣಗೆ ಉಂಟು!" ಎಂದರು ಆಶ್ಚರ್ಯದಿಂದ.

"ಬೆಳಿಗ್ಗೆ ಹಾಗೇ," ಎಂದರು ಉಪ್ಪ. "ಈ ಬದಿಯಿಂದ ಬಾ. ಗಾಳಿ ಬಡಿಯುವ ಬದಿ ಗಟ್ಟಿ ಇರ್ತದೆ. ನಾನು ಕಾಲಿಟ್ಟಲ್ಲೇ ಇಡು."

ಅವರು ಅಡ್ಡ ಹೆಜ್ಜೆ ಇಟ್ಟು ಮರಳು ಒತ್ತಿದರು, ಉಮ್ಮ ಆ ಗುರುತಿನೊಳಗೆ ಪಾದ ಇಟ್ಟರು. ಮೂರು ಆಳು ಎತ್ತರದ ದಿಣ್ಣೆಗೆ ಹತ್ತು ನಿಮಿಷ ಹಿಡಿಯಿತು. ನೆತ್ತಿಯಲ್ಲಿ ಮೂವರೂ ಕೂತೆವು. ಕಣ್ಣು ಹೋದಷ್ಟು ದೂರ ಅಲೆ ಅಲೆ ಮರಳು. ಉಪ್ಪನೇ ಮಾತು ತೆಗೆದರು.

"ನೀನು ಕ್ಯಾಸೆಟ್ ಕಳಿಸ್ತಿದ್ದೆ ನೋಡು."

ಕಾಗದ ಬರೆಯಲು ಬಾರದ ಉಮ್ಮ ಟೇಪ್ ರೆಕಾರ್ಡರ್ ಎದುರು ಕೂತು ಮಾತಾಡಿ, ಕ್ಯಾಸೆಟ್ಟನ್ನು ಗಲ್ಫಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದ ಕಾಲ ಅದು. ಸಣ್ಣವಳಿದ್ದಾಗ ನಾನೂ ಅದರಲ್ಲಿ ಪದ್ಯ ಹೇಳಿದ್ದೇನೆ.

"ರೂಮಿನಲ್ಲಿ ಎಂಟು ಜನ," ಎಂದರು ಉಪ್ಪ. "ಅಲ್ಲಿ ಕೇಳ್ಲಿಕ್ಕೆ ಆಗುದಿಲ್ಲ. ಶುಕ್ರವಾರ ಸಂಜೆಯ ಅಸರ್ ನಮಾಜು ಮುಗಿಸಿ, ಟೇಪ್ ಹಿಡ್ಕೊಂಡು ಇಂಥ ದಿಣ್ಣೆಯ ಹಿಂದೆ ಹೋಗಿ ಕೂರುದು. ಎರಡೂ ಸೈಡ್ ಕೇಳುದು. ಮುಗಿದ ಮೇಲೆ ತಿರುಗಿಸಿ ಪುನಃ ಕೇಳುದು. ಒಂದರಲ್ಲಿ ನೀನು ಬಾವಿಯ ಹಗ್ಗ ತುಂಡಾದ ಕಥೆ ಹೇಳಿದ್ದಿ. ನಡುವೆ ಕೋಳಿ ಕೂಗಿತ್ತು. ಆ ಕೋಳಿ ಕೂಗುವ ಜಾಗ ಬಂದರೆ ನಾನು ನಗ್ತಿದ್ದೆ."

ಉಮ್ಮ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡರು. "ನಾನು ಅದರಲ್ಲಿ ಬರೇ ದೂರು ಹೇಳ್ತಿದ್ದದ್ದು. ಅದು ಹಾಳಾಯ್ತು, ಇದು ಮುಗೀತು ಅಂತ. ನೀವು ಕೇಳುದೇ ಇಲ್ಲ ಅಂತ ಗ್ರಹಿಸಿದ್ದೆ. ಊರಿಗೆ ಬಂದಾಗ ಒಂದು ಮಾತೂ ಹೇಳ್ತಿರಲಿಲ್ಲ. ಅಲ್ಲಿ ಸುಖದಲ್ಲಿದ್ದಾರೆ, ನಮ್ಮ ನೆನಪೇ ಇಲ್ಲ ಅಂತ ಎಷ್ಟು ಸಲ ಗ್ರಹಿಸಿದ್ದೇನೆ ಗೊತ್ತುಂಟಾ?"

"ಎಂತ ಹೇಳುದು? ಮಕ್ಕಳು, ಮನೆ, ನನ್ನ ಉಮ್ಮ, ಎಲ್ಲ ನೀನು ಒಬ್ಬಳೇ ನೋಡ್ತಿದ್ದೆ. ನನಗೂ ಇಲ್ಲಿ ಆಗುದಿಲ್ಲ ಅಂತ ಹೇಳಿದರೆ ಅದು ಇನ್ನೊಂದು ಭಾರ ನಿನಗೆ."

"ಹೇಳಬೇಕಿತ್ತು," ಎಂದರು ಉಮ್ಮ. "ನಾನು ಹೊರ್ತಿದ್ದೆ."

ಉಪ್ಪ ಮರಳನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರು, ಮತ್ತೆ ಹಿಡಿದರು. ಆಮೇಲೆ "ಹೌದು, ಹೇಳಬೇಕಿತ್ತು," ಎಂದರು. ನಾನು ಎದ್ದು, ಬುಡದಲ್ಲಿ ಬಿಟ್ಟಿದ್ದ ಅಕ್ಕಿರೊಟ್ಟಿಯ ಡಬ್ಬ ತರುವ ನೆವದಲ್ಲಿ ಕೆಳಗಿಳಿದೆ. ತಿರುಗಿ ನೋಡಿದಾಗ ಉಮ್ಮ ಏನೋ ಕೇಳುತ್ತಿದ್ದರು, ಉಪ್ಪ ಕೈ ಚಾಚಿ ದಕ್ಷಿಣದ ಕಡೆಗೆ ತೋರಿಸುತ್ತಿದ್ದರು. ಗುಲ್ ಮರಳಿ ಬಂದು ಎರಡು ಸಲ ಹಾರ್ನ್ ಹಾಕಿದರೂ ಇಬ್ಬರೂ ಏಳಲಿಲ್ಲ. ಅವನಿಗೂ, ಹೈದರಾಬಾದಿನವರಿಗೂ ರೊಟ್ಟಿ ಹಂಚಿದೆ. ಗಾಡಿಯ ಹಾರಾಟಕ್ಕೆ ತಲೆ ತಿರುಗಿ ಬಸವಳಿದಿದ್ದ ಹೊಸ ಮದುಮಗಳು ದಿಣ್ಣೆಯ ನೆರಳಿನಲ್ಲಿ ಕೂತು, "ಅವರು ಕೂರಲಿ ಬಿಡಿ, ನಮಗೇನೂ ಅರ್ಜೆಂಟಿಲ್ಲ," ಎಂದಳು.

ಶುಕ್ರವಾರ ಮಧ್ಯಾಹ್ನ ನಾವು ಮಂಗಳೂರಿನಲ್ಲಿ ಇಳಿದೆವು. ಕೇಶವಣ್ಣ ಕಾರು ತಂದಿದ್ದರು. ಮಾಣಿ ದಾಟಿದ ಮೇಲೆ ಅವರು ಸುಮ್ಮನೆ ಕೇಳಿದರು, "ಹೇಗುಂಟು ಮಾರಾಯ್ರೆ ನಿಮ್ಮ ಮರುಭೂಮಿ? ಕಾಲಿಟ್ಟರೆ ಸುಡ್ತದಾ?"

"ಸುಡ್ತದೆ," ಎಂದು ಉಪ್ಪ ಶುರು ಮಾಡಿದರು. "ನಾನಿದ್ದಾಗ ಹತ್ತು ಗಂಟೆಯ ಮೇಲೆ ಹೊರಗೆ..."

"ಬೆಳಿಗ್ಗೆ ಸುಡುದಿಲ್ಲ," ಎಂದರು ಉಮ್ಮ ಹಿಂದಿನಿಂದ. "ತಣ್ಣಗಿರ್ತದೆ. ಗಾಳಿ ಬಡಿಯುವ ಬದಿಯಿಂದ ಹತ್ತಬೇಕು, ಅಲ್ಲಿ ಗಟ್ಟಿ."

ಕೇಶವಣ್ಣ ಕನ್ನಡಿಯಲ್ಲಿ ಅವರನ್ನು ನೋಡಿದರು. "ಹಾಗಾದ್ರೆ ನೀವೂ ಅಲ್ಲಿ ಇದ್ರಾ ಉಮ್ಮ?"

"ಇದ್ದೆ," ಎಂದರು ಉಮ್ಮ.

ಉಪ್ಪ ಅದನ್ನು ತಿದ್ದಲಿಲ್ಲ. ಉಪ್ಪಿನಂಗಡಿ ಸೇತುವೆ ಬರುವಾಗ ಅವರು ಅರವತ್ತು ಜನರಿಗೆ ಅಡುಗೆ ಮಾಡುವ ಪಾತ್ರೆ ಎಷ್ಟು ದೊಡ್ಡದಿತ್ತು ಎಂದು ಎರಡೂ ಕೈ ಅಗಲಿಸಿ ತೋರಿಸುತ್ತಿದ್ದರು. ಉಮ್ಮ ಸೀಟಿನ ಅಂಚಿಗೆ ಬಂದು, ಕಿವಿಗೊಟ್ಟು ಕೇಳುತ್ತಿದ್ದರು.