ವೈನಿನಲ್ಲಿ ಸಿಕ್ಕ ಹೊಲದ ಗುರುತು

"ಯಜಮಾನ್ರೇ, ಮಣ್ಣಿಗೆ ಅರಿಶಿನ-ಕುಂಕುಮ ಯಾಕೆ ಹಾಕಿದ್ರಿ?" ಎಂದು, ಅವರು ಲ್ಯಾಬಿಗೆ ತಂದ ಚೀಲ ಬಿಚ್ಚಿ ಕೇಳಿದೆ.

"ಭೂಮ್ತಾಯಿ ಹೊಲ ಬಿಟ್ಟು ಹೊರಟಿದ್ದಾಳೆ, ಪೂಜೆ ಮಾಡದೆ ಕಳಿಸೋದಾ ತಾಯಿ?" ಎಂದರು ಆ ದ್ರಾಕ್ಷಿ ಬೆಳೆಗಾರರು.

ಅವರ ವೈನ್ ಬೇರೆ ಸೀಮೆಯ ಹಣ್ಣಿನದೆಂದು ಕೊಳ್ಳುವವರು ಅನುಮಾನಪಟ್ಟಿದ್ದರು. ಮಣ್ಣಿನ ಖನಿಜಗಳ ಗುರುತು ವೈನಿನಲ್ಲೂ ಉಳಿಯುತ್ತದೆ. ಮಣ್ಣು, ವೈನ್ ಎರಡನ್ನೂ ಹೋಲಿಸಿ ನೋಡಲೆಂದು ಬೆಳೆಗಾರರು ಮಾಚೇನಹಳ್ಳಿಯ ನಮ್ಮ ಲ್ಯಾಬಿಗೆ ಬಂದಿದ್ದರು. ಅರಿಶಿನ ಬೆರೆತರೆ ಪರೀಕ್ಷೆ ಕೆಡುತ್ತದೆಂದು ಹೇಳಿ, ಬರೀ ಮಣ್ಣು ತರಿಸಿಕೊಂಡೆ.

ಎರಡರ ಗುರುತೂ ತಾಳೆಯಾಯಿತು. ಅವರು ಅಲ್ಲೇ ಹೆಂಡತಿಗೆ ಫೋನ್ ಮಾಡಿದರು. "ನಮ್ಮ ಹೊಲದ್ದೇ ಕಣೇ! ಮಷೀನೇ ಹೇಳ್ತು."

"ಮಷೀನಲ್ಲ, ನಾನು ಹೇಳಿದ್ದು" ಎಂದೆ, ತಡೆಯಲಾಗದೆ.

"ಮೇಡಂ ಹೇಳಿದ್ರಂತೆ ಕಣೇ" ಎಂದು ತಿದ್ದಿ, ನಕ್ಕರು.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅಂದು ಮನೆಗೆ, ಭದ್ರಾವತಿಯವರೆಗೂ ಬಸ್ಸಿನಲ್ಲಿ ನಿಂತೇ ಬಂದೆ, ಕಾಲು ನೋಯಲಿಲ್ಲ.